ಲಘುವನ್ನು ಗುರುವಾಗಿಸುವುದು ಯಾರು?

ತನ್ನನ್ನು ತಾನೇ ಗುರುವೆಂದೋ ಅವತಾರವೆಂದೋ ಘೋಷಿಸಿಕೊಂಡ ವ್ಯಕ್ತಿಯೊಬ್ಬನ ಬಣ್ಣ ಬಯಲಾದಾಗಲೆಲ್ಲ ಹೊರಗೆ ನಿಂತು ನೋಡುವವರ ಬಾಯಲ್ಲಿ ಒಂದೇ ಪ್ರಶ್ನೆ ಬರುತ್ತದೆ: ಇಷ್ಟು ಜನ, ಅದರಲ್ಲೂ ಓದಿದವರು, ಇಂಥವನನ್ನು ಹೇಗೆ ನಂಬಿದರು? ಪ್ರಶ್ನೆ ಕೇಳುವ ಧಾಟಿಯಲ್ಲೇ ಉತ್ತರವೂ ಅಡಗಿರುತ್ತದೆ. ನಂಬಿದವರು ಮುಗ್ಧರು, ಇಲ್ಲವೇ ಮೂಢರು, ಇಲ್ಲವೇ ಯಾವುದೋ ಲಾಭದ ಆಸೆಗೆ ಬಿದ್ದವರು. ಕೇಳುತ್ತಿರುವ ನಾವು ಮಾತ್ರ ಆ ಸಾಲಿಗೆ ಸೇರಿದವರಲ್ಲ. ಇಂಥ ಉತ್ತರದಿಂದ ಕೇಳಿದವನಿಗೆ ನೆಮ್ಮದಿ ಸಿಗುತ್ತದೆಯೇ ಹೊರತು ವಿಷಯ ತಿಳಿಯಾಗುವುದಿಲ್ಲ. ಏಕೆಂದರೆ ಅದು ಎರಡು ಸಂಗತಿಗಳನ್ನು ತಲೆಕೆಳಗಾಗಿ ಹಿಡಿದಿದೆ. ಜನ ಮೊದಲು ನಂಬುತ್ತಾರೆ, ಆಮೇಲೆ ಹಿಂಬಾಲಿಸುತ್ತಾರೆ ಎಂದು ಅದು ಭಾವಿಸುತ್ತದೆ. ಎಷ್ಟೋ ಸಲ ಹಿಂಬಾಲಿಸುವುದು ಮೊದಲಾಗಿ ನಂಬಿಕೆ ಅದರ ಬೆನ್ನಿಗೆ ಬರುತ್ತದೆ. ಇನ್ನೊಬ್ಬರ ಮಾತನ್ನು ನೆಚ್ಚಿ ಬದುಕುವುದು ಕೆಲವರ ದೌರ್ಬಲ್ಯ ಎಂದು ಅದು ತಿಳಿಯುತ್ತದೆ; ಅದು ಎಲ್ಲರ ನಿತ್ಯದ ಸ್ಥಿತಿ.

ಎರಡನೆಯದನ್ನೇ ಮೊದಲು ನೋಡೋಣ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದು ನಮಗೆಲ್ಲ ಗೊತ್ತು, ಆದರೆ ಅದನ್ನು ತಾವೇ ಸಾಧಿಸಿ ತೋರಿಸಬಲ್ಲವರು ಬೆರಳೆಣಿಕೆಯಷ್ಟು ಮಂದಿ. ನುಂಗುವ ಮಾತ್ರೆಯಲ್ಲಿ ಏನಿದೆ, ದಾಟುವ ಸೇತುವೆ ಎಷ್ಟು ಭಾರ ತಾಳುತ್ತದೆ, ಸಹಿ ಹಾಕಿದ ಕಾಗದದ ಸಣ್ಣಕ್ಷರಗಳು ಏನು ಹೇಳುತ್ತವೆ ಎಂಬುದನ್ನೆಲ್ಲ ನಾವು ಯಾರದೋ ಮಾತಿನ ಮೇಲೆ ಒಪ್ಪಿಕೊಂಡಿರುತ್ತೇವೆ. ಎಲ್ಲವನ್ನೂ ಸ್ವತಃ ಪರೀಕ್ಷಿಸಿಯೇ ಮುಂದೆ ಹೋಗುತ್ತೇನೆಂದು ಹಟ ಹಿಡಿದವನು ಮನೆಯ ಹೊಸ್ತಿಲನ್ನೂ ದಾಟಲಾರ. ಮನುಷ್ಯನ ಕೂಸು ಬೇರೆ ಪ್ರಾಣಿಗಳ ಮರಿಗಳಿಗಿಂತ ಹೆಚ್ಚು ಕಾಲ ಹಿರಿಯರ ಆಸರೆಯಲ್ಲಿ ಬೆಳೆಯುತ್ತದೆ. ಆ ಅವಧಿಯಲ್ಲಿ ಅದು ಕಲಿಯುವ ಮೊದಲ ಪಾಠವೇ ತನಗಿಂತ ಬಲ್ಲವರು ಹೇಳಿದ್ದನ್ನು ಕೇಳಬೇಕು ಎಂಬುದು. ಬಲ್ಲವರು ಯಾರು ಎಂದು ಗುರುತಿಸಲು ನಾವು ಬಳಸುವ ಅಳತೆಗೋಲುಗಳೂ ಬಹಳ ಒರಟಾದವು. ಅವನ ಮಾತಿನಲ್ಲಿ ತಡವರಿಕೆ ಇದೆಯೇ, ಅವನ ಸುತ್ತ ಜನ ನೆರೆದಿದ್ದಾರೆಯೇ, ನಾವು ಗೌರವಿಸುವ ಇತರರು ಅವನನ್ನು ಗೌರವಿಸುತ್ತಾರೆಯೇ ಎಂದು ನೋಡಿ ತೀರ್ಮಾನಿಸುತ್ತೇವೆ. ಸಾಮಾನ್ಯವಾಗಿ ಈ ಗುರುತುಗಳು ನಮ್ಮನ್ನು ಸರಿಯಾದವರ ಬಳಿಗೇ ಒಯ್ಯುತ್ತವೆ. ತೊಂದರೆಯೆಂದರೆ, ಜ್ಞಾನವನ್ನು ಸಂಪಾದಿಸುವುದಕ್ಕಿಂತ ಈ ಗುರುತುಗಳನ್ನು ಸಂಪಾದಿಸುವುದು ಎಷ್ಟೋ ಸುಲಭ.

ಗುರುತುಗಳ ಬಲ ಎಷ್ಟೆಂಬುದಕ್ಕೆ ಅಧ್ಯಾತ್ಮದ ಹತ್ತಿರಕ್ಕೂ ಹೋಗಬೇಕಿಲ್ಲ. ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಯ ಪಾಳಿಯಲ್ಲಿದ್ದ ದಾದಿಯರಿಗೆ ಅಪರಿಚಿತನೊಬ್ಬ ಫೋನ್ ಮಾಡಿ ತಾನು ವೈದ್ಯನೆಂದು ಹೇಳಿಕೊಂಡು, ಒಬ್ಬ ರೋಗಿಗೆ ಔಷಧವೊಂದನ್ನು ಕೊಡುವಂತೆ ಸೂಚಿಸಿದ. ಹೇಳಿದ ಪ್ರಮಾಣ, ಡಬ್ಬಿಯ ಮೇಲೆ ಬರೆದಿದ್ದ ಗರಿಷ್ಠ ಮಿತಿಯ ಎರಡರಷ್ಟು. ಫೋನಿನಲ್ಲಿ ಬಂದ ಸೂಚನೆಯ ಮೇಲೆ ಔಷಧ ಕೊಡುವುದೇ ಆಸ್ಪತ್ರೆಯ ನಿಯಮಕ್ಕೆ ವಿರುದ್ಧ. ಆದರೂ 22 ದಾದಿಯರಲ್ಲಿ 21 ಮಂದಿ ಔಷಧ ಕೊಡಲು ಹೊರಟರು. ವಾಸ್ತವದಲ್ಲಿ ಅದು ನಿರಪಾಯಕಾರಿ ಪುಡಿಯಾಗಿತ್ತು, ಅಲ್ಲದೆ ಅವರನ್ನು ದಾರಿಯಲ್ಲೇ ತಡೆಯಲಾಯಿತು. 1977ರಲ್ಲಿ ಬೇರೆ ಸಂಶೋಧಕರು ದಾದಿಯರಿಗೆ ಪರಿಚಯವಿದ್ದ ಔಷಧವನ್ನೇ ಹೆಸರಿಸಿ, ಸಹೋದ್ಯೋಗಿಗಳೊಡನೆ ಮಾತನಾಡಿಕೊಳ್ಳಲು ಅವಕಾಶವಿಟ್ಟು ಇದನ್ನೇ ಮತ್ತೆ ನಡೆಸಿದಾಗ ಹೆಚ್ಚಿನವರು ಒಪ್ಪಲಿಲ್ಲ. ಎರಡೂ ಸಲ ದಾದಿಯರ ಬುದ್ಧಿಮತ್ತೆಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಔಷಧ ಪರಿಚಿತವೇ ಎಂಬುದರ ಜೊತೆಗೆ, ಪಕ್ಕದಲ್ಲಿ ಇನ್ನೊಬ್ಬರನ್ನು ಕೇಳಲು ಸಾಧ್ಯವಿತ್ತೇ ಇಲ್ಲವೇ ಎಂಬುದು ವ್ಯತ್ಯಾಸವಾಗಿತ್ತು. ಈ ಮಾತಿಗೆ ಮತ್ತೆ ಬರೋಣ.

ಓದು ರಕ್ಷಾಕವಚವಾಗುತ್ತದೆ ಎಂಬ ಭರವಸೆಯನ್ನು ಜಪಾನಿನ ಓಂ ಶಿನ್ರಿಕ್ಯೋ ಪಂಥ ಬಹಳ ಹಿಂದೆಯೇ ಒಡೆದಿದೆ. 1980ರ ದಶಕದಲ್ಲಿ ಯೋಗ ಹೇಳಿಕೊಡುವ ಸಣ್ಣ ಗುಂಪಾಗಿ ಆರಂಭವಾದ ಇದರ ನಾಯಕ ಶೋಕೊ ಅಸಹಾರಾನ ಸುತ್ತ ಇದ್ದವರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದ ಪದವೀಧರರೂ ಹೃದಯ ಶಸ್ತ್ರಚಿಕಿತ್ಸಕರೊಬ್ಬರೂ ಇದ್ದರು. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಹರಡಿ ಹತ್ತಕ್ಕೂ ಹೆಚ್ಚು ಮಂದಿಯ ಸಾವಿಗೆ, ಸಾವಿರಾರು ಮಂದಿಯ ಅಸ್ವಸ್ಥತೆಗೆ ಕಾರಣವಾದದ್ದು ಈ ಪಂಥವೇ. ಆ ಅನಿಲವನ್ನು ತಯಾರಿಸಲು ಬೇಕಾಗಿದ್ದುದೇ ಓದಿದವರ ಓದು. ಓದಿದ ಮನಸ್ಸಿಗೆ ತಾನು ಈಗಾಗಲೇ ಕೈಗೊಂಡ ತೀರ್ಮಾನವನ್ನು ಸಮರ್ಥಿಸಿಕೊಳ್ಳಲು ಹೆಚ್ಚು ವಾದಗಳು ಸಿಗುತ್ತವೆ, ಅಷ್ಟೇ.

ಹಾಗಾದರೆ ಮೊದಲ ಹೆಜ್ಜೆ ಎಲ್ಲಿಂದ ಶುರುವಾಗುತ್ತದೆ? ಬಹುಮಟ್ಟಿಗೆ ಕಷ್ಟದಿಂದ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಮೊದಲ ಮಹಾಯುದ್ಧದ ವರ್ಷಗಳಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದಾಗ ಗಮನಿಸಿದ ಸಂಗತಿಯೊಂದು ಇಂದಿಗೂ ಈ ವಿಷಯದಲ್ಲಿ ದಾರಿದೀಪದಂತಿದೆ. ಅಲ್ಲಿನವರು ಹಿನ್ನೀರಿನ ಶಾಂತ ಮಡುವಿನಲ್ಲಿ ಮೀನು ಹಿಡಿಯುವಾಗ ಮಂತ್ರತಂತ್ರಗಳ ಗೊಡವೆಗೆ ಹೋಗುತ್ತಿರಲಿಲ್ಲ, ತಮ್ಮ ಕೌಶಲವನ್ನಷ್ಟೇ ನೆಚ್ಚುತ್ತಿದ್ದರು. ಅದೇ ಜನ ತೆರೆದ ಕಡಲಿಗೆ, ಅಪಾಯಕ್ಕೂ ಅದೃಷ್ಟಕ್ಕೂ ತಮ್ಮನ್ನು ಒಪ್ಪಿಸಿಕೊಂಡು ಹೊರಡುವಾಗ ವಿಸ್ತಾರವಾದ ಮಾಂತ್ರಿಕ ವಿಧಿಗಳನ್ನು ನಡೆಸುತ್ತಿದ್ದರು. ನಂಬಿಕೆ ಅವರಲ್ಲಿ ಸದಾ ಒಂದೇ ಮಟ್ಟದಲ್ಲಿರುತ್ತಿರಲಿಲ್ಲ, ನೀರಿನ ಆಳದೊಂದಿಗೆ ಏರಿಳಿಯುತ್ತಿತ್ತು. ಸ್ವಯಂಘೋಷಿತ ಗುರುವಿನ ಬಾಗಿಲಿಗೆ ಬರುವವನೂ ತನ್ನ ಬದುಕಿನ ತೆರೆದ ಕಡಲಿನಲ್ಲಿರುತ್ತಾನೆ. ವೈದ್ಯರು ಹೆಸರಿಸಲಾಗದ ಕಾಯಿಲೆ, ಮುಗಿಯದ ವ್ಯಾಜ್ಯ, ಕಳೆದುಕೊಂಡ ಮಗು, ಕೈಕೊಟ್ಟ ವ್ಯವಹಾರ, ಅಥವಾ ಹೆಸರೇ ಇಲ್ಲದ ಒಂಟಿತನ ಅವನನ್ನು ಅಲ್ಲಿಗೆ ತಂದಿರುತ್ತದೆ. ಬ್ರಹ್ಮಜಿಜ್ಞಾಸೆಗೆಂದು ಬಂದವರು ಇರುವುದಿಲ್ಲವೆಂದಲ್ಲ, ಆದರೆ ಅವರು ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಕಷ್ಟದ ಉತ್ತುಂಗದಲ್ಲಿ ಬಂದಿರುವುದೇ ಮುಂದಿನದಕ್ಕೆ ದಾರಿ ಮಾಡಿಕೊಡುತ್ತದೆ. ಏರಿಳಿಯುವ ಸ್ವಭಾವದ ಯಾವುದೇ ತೊಂದರೆ, ಅದು ಬೆನ್ನುನೋವಿರಲಿ, ನಿದ್ರಾಹೀನತೆಯಿರಲಿ, ಮನೆಯೊಳಗಿನ ಜಗಳವಿರಲಿ, ಅತಿ ಕೆಟ್ಟ ಹಂತ ಮುಟ್ಟಿದ ಮೇಲೆ ಸ್ವಲ್ಪವಾದರೂ ಇಳಿಯುವ ಸಂಭವವೇ ಹೆಚ್ಚು. ಆ ಇಳಿತ ಯಾರ ಕೃಪೆಯೂ ಇಲ್ಲದೆ ಆಗುತ್ತಿತ್ತು. ಆದರೆ ಮನುಷ್ಯ ಗುರುವನ್ನು ಹುಡುಕಿಕೊಂಡು ಹೋದದ್ದು ನೋವು ತಾಳಲಾರದ ಹಂತ ಮುಟ್ಟಿದಾಗಲೇ ಆದ್ದರಿಂದ, ಇಳಿತ ಗುರುದರ್ಶನದ ಮರುವಾರವೇ ಬಂದುಬಿಡುತ್ತದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲವೆಂದು ಗಾದೆ ಬಲ್ಲವರೆಲ್ಲ ಹೇಳುತ್ತಾರೆ. ಮುರಿದ ಕೊಂಬೆ ತಮ್ಮದೇ ಅಂಗಳದ್ದಾದಾಗ ಹಾಗೆ ಹೇಳುವುದು ಕಷ್ಟ. ಇದಕ್ಕೆ, ಯಾರೋ ಒಬ್ಬರು ತನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು ಎಂಬುದರಿಂದಲೇ ಹುಟ್ಟುವ ಹಗುರವನ್ನೂ ಸೇರಿಸಿಕೊಳ್ಳಬೇಕು. ಅದು ಸುಳ್ಳು ಹಗುರವಲ್ಲ. ಗುರುವಿನ ಸಿದ್ಧಾಂತ ಎಷ್ಟೇ ಟೊಳ್ಳಾಗಿದ್ದರೂ ಬಂದವನಿಗೆ ಸಿಕ್ಕ ಸಮಾಧಾನ ನಿಜವಾದದ್ದೇ ಎಂಬುದನ್ನು ಒಪ್ಪಿಕೊಳ್ಳದೆ ಈ ವಿಷಯದಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು.

ಸಮಾಧಾನ ಸಿಗದವರು ಏನಾಗುತ್ತಾರೆ? ಅವರು ಸದ್ದಿಲ್ಲದೆ ಹೊರಟುಹೋಗುತ್ತಾರೆ. ಗ್ರೀಸಿನ ನಾಸ್ತಿಕ ಡಯಾಗೊರಸನ ಬಗ್ಗೆ ರೋಮನ್ ಲೇಖಕ ಸಿಸೆರೊ ಹೇಳಿದ ಕಥೆಯೊಂದಿದೆ. ಹರಕೆ ಹೊತ್ತು ಕಡಲ ಬಿರುಗಾಳಿಯಿಂದ ಪಾರಾಗಿ ಬಂದವರ ಚಿತ್ರಗಳನ್ನು ತೋರಿಸಿ, ದೇವತೆಗಳು ಮನುಷ್ಯರ ಕೈಬಿಡುವುದಿಲ್ಲವೆಂದು ಈಗಲಾದರೂ ಒಪ್ಪುತ್ತೀಯೋ ಎಂದು ಕೇಳಿದವನಿಗೆ ಅವನು, ಮುಳುಗಿ ಸತ್ತವರ ಚಿತ್ರಗಳನ್ನು ಯಾರೂ ಬರೆಸಿಲ್ಲವಲ್ಲ ಎಂದನಂತೆ. ಯಾವ ಸಭೆಯಲ್ಲೂ ಮೈಕಿನ ಮುಂದೆ ನಿಲ್ಲುವವರು ಪಾರಾದವರೇ. ಇದರಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ ಎಂಬುದೇ ವಿಶೇಷ. ಲೆಕ್ಕವೊಂದನ್ನು ಮಾಡಿ ನೋಡಬಹುದು. ಒಬ್ಬ 1024 ಜನರಿಗೆ ಮುಂದಿನ ವಾರದ ಬಗ್ಗೆ ಭವಿಷ್ಯ ಬರೆದು ಕಳಿಸುತ್ತಾನೆ. ಅರ್ಧ ಜನರಿಗೆ ಬೆಲೆ ಏರುತ್ತದೆಂದು, ಉಳಿದರ್ಧಕ್ಕೆ ಇಳಿಯುತ್ತದೆಂದು. ತಪ್ಪಾದ ಭವಿಷ್ಯ ಪಡೆದ 512 ಮಂದಿಯನ್ನು ಅವನು ಮರೆತುಬಿಡುತ್ತಾನೆ, ಉಳಿದ 512 ಮಂದಿಯನ್ನು ಮತ್ತೆ ಎರಡು ಪಾಲು ಮಾಡುತ್ತಾನೆ. ಹತ್ತು ವಾರ ಕಳೆದಾಗ ಒಬ್ಬನೇ ಒಬ್ಬ ಉಳಿಯುತ್ತಾನೆ. ಸತತ ಹತ್ತು ಭವಿಷ್ಯಗಳು ನಿಜವಾದದ್ದನ್ನು ಅವನು ಕಣ್ಣಾರೆ ಕಂಡಿರುತ್ತಾನೆ. ಅವನನ್ನು ಮೂಢನೆಂದು ಕರೆಯುವುದು ನ್ಯಾಯವೇ? ತನ್ನ ಮುಂದಿದ್ದ ಸಾಕ್ಷ್ಯದ ಮಟ್ಟಿಗೆ ಅವನು ಸರಿಯಾಗಿಯೇ ಯೋಚಿಸಿದ್ದಾನೆ. ಉಳಿದ 1023 ಮಂದಿಯನ್ನು ಅವನು ಭೇಟಿಯಾಗುವುದೇ ಇಲ್ಲ.

ತನ್ನೊಳಗನ್ನು ಗುರು ಕಂಡುಬಿಟ್ಟರು ಎಂಬ ಅನುಭವಕ್ಕೂ ಇಷ್ಟೇ ಸರಳವಾದ ತಳಹದಿಯಿದೆ. 1948ರಲ್ಲಿ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆಯೊಂದನ್ನು ಕೊಟ್ಟು, ಪ್ರತಿಯೊಬ್ಬರಿಗೂ ಅವರದೇ ಫಲಿತಾಂಶವೆಂದು ಒಂದು ವಿವರಣೆಯನ್ನು ಹಂಚಿದರು. ಅದು ಎಷ್ಟು ಸರಿಯಾಗಿದೆಯೆಂದು ಐದರ ಅಳತೆಯಲ್ಲಿ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರ ಕೈಯಲ್ಲೂ ಇದ್ದದ್ದು ಜ್ಯೋತಿಷ್ಯದ ಪುಸ್ತಕದಿಂದ ಆಯ್ದ ಒಂದೇ ಬರಹ. ಹೊರಗೆ ಗಟ್ಟಿಯಾಗಿ ಕಾಣಿಸಿಕೊಂಡರೂ ನೀವು ಒಳಗೊಳಗೇ ಆತಂಕಪಡುತ್ತೀರಿ ಎಂಬ ಬಗೆಯ ಮಾತು ಯಾರಿಗೆ ತಾನೆ ಹೊಂದುವುದಿಲ್ಲ? ಇದರ ಇನ್ನೊಂದು ಮುಖ ಅರ್ಥವಾಗದ ಮಾತಿನ ಆಕರ್ಷಣೆ. ಸಾಮಾನ್ಯ ಮನುಷ್ಯ ಅಸ್ಪಷ್ಟವಾಗಿ ಮಾತನಾಡಿದರೆ ಅವನಿಗೆ ಮಾತು ಬರುವುದಿಲ್ಲ ಎನ್ನುತ್ತೇವೆ, ಗೌರವಿಸುವ ವ್ಯಕ್ತಿ ಹಾಗೆ ಮಾತನಾಡಿದರೆ ಅದನ್ನು ತಿಳಿಯುವ ಶಕ್ತಿ ನಮಗಿಲ್ಲ ಎನ್ನುತ್ತೇವೆ. ಫ್ರೆಂಚ್ ಚಿಂತಕ ಡ್ಯಾನ್ ಸ್ಪರ್ಬರ್ 2010ರಲ್ಲಿ ಇದಕ್ಕೆ ‘ಗುರು ಪರಿಣಾಮ’ ಎಂದೇ ಹೆಸರಿಟ್ಟರು. ಅರ್ಥ ತುಂಬುವ ಕೆಲಸವನ್ನು ಕೇಳುಗನೇ ಮಾಡುತ್ತಾನೆ, ಅದರ ಕೀರ್ತಿ ಮಾತ್ರ ಹೇಳಿದವನಿಗೆ ಸಲ್ಲುತ್ತದೆ. ವಿಶ್ವವಿದ್ಯಾಲಯಗಳ ಪಂಡಿತರಲ್ಲೂ ಇಂಥ ಗುರುಗಳಿಗೆ ಕೊರತೆಯಿಲ್ಲವೆಂದು ಸ್ಪರ್ಬರ್ ತೋರಿಸಿದ್ದು ಅನೇಕರಿಗೆ ರುಚಿಸಿರಲಿಕ್ಕಿಲ್ಲ.

ಇಲ್ಲಿ ಕನ್ನಡ ವ್ಯಾಕರಣದ ಒಂದು ನಿಯಮವನ್ನು ನೆನಪಿಸಿಕೊಳ್ಳುವ ಆಸೆ ತಡೆಯಲಾಗುತ್ತಿಲ್ಲ. ಗುರು ಎಂಬ ಪದಕ್ಕೆ ಮೂಲದಲ್ಲಿ ಭಾರವಾದದ್ದು ಎಂದೇ ಅರ್ಥ. ಛಂದಸ್ಸಿನಲ್ಲಿ ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಒಂದು ಹ್ರಸ್ವಾಕ್ಷರ ತನ್ನಷ್ಟಕ್ಕೆ ಲಘುವೇ ಆಗಿದ್ದರೂ ಅದರ ಬೆನ್ನಿಗೆ ಒತ್ತಕ್ಷರ ಬಂದರೆ ಅದು ಗುರುವಾಗಿಬಿಡುತ್ತದೆ. ಅಕ್ಷರದೊಳಗೆ ಏನೂ ಬದಲಾಗಿರುವುದಿಲ್ಲ. ಹಿಂದೆ ಬಂದವರ ಒತ್ತು ಅದಕ್ಕೆ ತೂಕ ಕೊಟ್ಟಿರುತ್ತದೆ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅಧಿಕಾರದ ಬಗೆಗಳನ್ನು ವಿಂಗಡಿಸುವಾಗ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಪರಂಪರೆಯಿಂದ ಬರುವ ಅಧಿಕಾರ, ಕಾನೂನಿನಿಂದ ಬರುವ ಅಧಿಕಾರ, ವರ್ಚಸ್ಸಿನಿಂದ ಬರುವ ಅಧಿಕಾರ ಎಂದು ಮೂರನ್ನು ಗುರುತಿಸಿದ ಅವರು, ಮೂರನೆಯದಕ್ಕೆ ಅನುಯಾಯಿಗಳ ಮನ್ನಣೆಯ ಹೊರತು ಬೇರೆ ಆಧಾರವಿಲ್ಲವೆಂದು ಸ್ಪಷ್ಟಪಡಿಸಿದರು. ರಾಜನಿಗೆ ಸಿಂಹಾಸನವಿದೆ, ಅಧಿಕಾರಿಗೆ ಆದೇಶಪತ್ರವಿದೆ. ವರ್ಚಸ್ವಿ ಮಾತ್ರ ತನ್ನ ಶಕ್ತಿಯನ್ನು ದಿನವೂ ಮತ್ತೆ ಮತ್ತೆ ತೋರಿಸಿಕೊಡಬೇಕು, ಇಲ್ಲವೇ ಅದು ಕರಗುತ್ತದೆ. ಇಂಥ ಗುಂಪುಗಳಲ್ಲಿ ಪವಾಡಗಳು, ಹೊಸ ಹೊಸ ಶತ್ರುಗಳು, ಇನ್ನೇನು ಬಂದೇಬಿಟ್ಟಿತು ಎನ್ನುವ ಮಹಾಘಟನೆಗಳು ಏಕೆ ನಿಲ್ಲುವುದೇ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಗುರು ಕಪಟಿಯೋ ಅಥವಾ ತನ್ನ ಮಾತನ್ನು ತಾನೇ ನಂಬಿದವನೋ ಎಂದು ಕೇಳುವುದೂ ಆಗ ಅಷ್ಟು ಮುಖ್ಯವಾಗುವುದಿಲ್ಲ. ಸಾವಿರ ಕಣ್ಣುಗಳು ಹಗಲಿರುಳು ತನ್ನನ್ನು ದೇವರೆಂದು ನೋಡುತ್ತಿರುವಾಗ ಕಪಟಿಯಾಗಿ ಆರಂಭಿಸಿದವನೂ ತನ್ನ ಬಗ್ಗೆ ಎಷ್ಟು ದಿನ ಸಂಶಯ ಉಳಿಸಿಕೊಂಡಾನು?

ಈಗ ಹಿಂಬಾಲಿಸುವುದು ಮೊದಲು, ನಂಬಿಕೆ ಆಮೇಲೆ ಎಂಬ ಮಾತಿಗೆ ಬರೋಣ. 1966ರಲ್ಲಿ ಮನೋವಿಜ್ಞಾನಿಗಳಾದ ಜೊನಾಥನ್ ಫ್ರೀಡ್‌ಮನ್ ಮತ್ತು ಸ್ಕಾಟ್ ಫ್ರೇಜರ್ ಕ್ಯಾಲಿಫೋರ್ನಿಯಾದ ಮನೆಗಳ ಬಾಗಿಲು ತಟ್ಟಿ, ಎಚ್ಚರಿಕೆಯಿಂದ ವಾಹನ ಚಲಾಯಿಸಿ ಎಂಬ ಭಾರಿ, ಕುರೂಪಿ ಫಲಕವನ್ನು ಅಂಗಳದಲ್ಲಿ ನಿಲ್ಲಿಸಲು ಅನುಮತಿ ಕೇಳಿದರು. ನೇರವಾಗಿ ಕೇಳಿದಾಗ ಶೇಕಡಾ 17ರಷ್ಟು ಮಂದಿ ಮಾತ್ರ ಒಪ್ಪಿದರು. ಸುಮಾರು ಎರಡು ವಾರ ಮೊದಲೇ ಅದೇ ವಿಷಯದ ಒಂದು ಪುಟ್ಟ ಚೀಟಿಯನ್ನು ಕಿಟಕಿಗೆ ಅಂಟಿಸಿಕೊಳ್ಳಲು ಒಪ್ಪಿದ್ದವರಲ್ಲಿ ಶೇಕಡಾ 76ರಷ್ಟು ಮಂದಿ ಭಾರಿ ಫಲಕಕ್ಕೂ ಒಪ್ಪಿದರು. ಚೀಟಿ ಅಂಟಿಸಿದ ಕ್ಷಣದಿಂದ ಅವರು ತಮ್ಮನ್ನು ಅಂಥ ಕೆಲಸಕ್ಕೆ ಒದಗುವ ಮನುಷ್ಯರೆಂದು ಕಾಣತೊಡಗಿದ್ದರು. ಇದಕ್ಕೂ ಏಳು ವರ್ಷ ಮೊದಲು, 1959ರಲ್ಲಿ, ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ಚರ್ಚಾಗುಂಪೊಂದಕ್ಕೆ ಸೇರಲು ಕೆಲವು ವಿದ್ಯಾರ್ಥಿನಿಯರಿಗೆ ಬಹಳ ಮುಜುಗರದ ಪ್ರವೇಶ ಪರೀಕ್ಷೆಯನ್ನೂ ಉಳಿದವರಿಗೆ ಸುಲಭದ್ದನ್ನೂ ಒಡ್ಡಿದರು. ಆಮೇಲೆ ಕೇಳಿಸಿದ ಚರ್ಚೆ ಬೇಕೆಂದೇ ತೀರಾ ನೀರಸವಾಗಿ ತಯಾರಿಸಿದ್ದು. ಹೆಚ್ಚು ಮುಜುಗರ ಪಟ್ಟವರೇ ಅದನ್ನು ಹೆಚ್ಚು ಮೆಚ್ಚಿದರು. ಇಷ್ಟೆಲ್ಲ ತೆತ್ತು ಪಡೆದದ್ದು ಕೆಲಸಕ್ಕೆ ಬಾರದ್ದು ಎಂದು ಒಪ್ಪಿಕೊಳ್ಳುವುದಕ್ಕಿಂತ ಅದರಲ್ಲಿ ಏನೋ ಇದೆ ಎಂದುಕೊಳ್ಳುವುದು ಮನಸ್ಸಿಗೆ ಸುಲಭ.

ಈ ಎರಡು ಚಿಕ್ಕ ಪ್ರಯೋಗಗಳನ್ನು ವರ್ಷಗಟ್ಟಲೆ ಹಿಗ್ಗಿಸಿದರೆ ಏನಾಗಬಹುದು ಎಂಬುದಕ್ಕೆ ಜೋನ್ಸ್‌ಟೌನ್ ಅತ್ಯಂತ ಭೀಕರ ಉದಾಹರಣೆ. 1978ರ ನವೆಂಬರ್ 18ರಂದು ಗಯಾನಾ ದೇಶದ ಕಾಡಿನ ಆ ನೆಲೆಯಲ್ಲಿ, ಪೀಪಲ್ಸ್ ಟೆಂಪಲ್ ಎಂಬ ಪಂಥದ ನಾಯಕ ಜಿಮ್ ಜೋನ್ಸ್‌ನ ಆಜ್ಞೆಯ ಮೇರೆಗೆ 909 ಮಂದಿ ಸತ್ತರು. ಅವರಲ್ಲಿ ಸುಮಾರು ಮುನ್ನೂರು ಮಕ್ಕಳು. ವಿಷ ಕುಡಿಯಲೆಂದು ಅವರಲ್ಲಿ ಯಾರೂ ಆ ಗುಂಪನ್ನು ಸೇರಿದ್ದವರಲ್ಲ. 1950ರ ದಶಕದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾದ ಪೀಪಲ್ಸ್ ಟೆಂಪಲ್, ಕರಿಯರೂ ಬಿಳಿಯರೂ ಒಂದೇ ಬೆಂಚಿನಲ್ಲಿ ಕೂರುವುದು ಅಪರೂಪವಾಗಿದ್ದ ಕಾಲದಲ್ಲಿ ಅದನ್ನು ಸಾಧ್ಯವಾಗಿಸಿತ್ತು. ಹಸಿದವರಿಗೆ ಊಟ ಕೊಡುತ್ತಿತ್ತು, ವೃದ್ಧರಿಗೆ ಆಸರೆ ಒದಗಿಸುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೋನ್ಸ್‌ನನ್ನು ನಗರದ ವಸತಿ ಪ್ರಾಧಿಕಾರದ ಅಧ್ಯಕ್ಷನನ್ನಾಗಿಯೂ ಮಾಡಲಾಗಿತ್ತು. ಸೇರಿದವರು ಒಳ್ಳೆಯ ಕೆಲಸವೊಂದಕ್ಕೆ ಸೇರಿದ್ದರು. ಮೊದಲು ಭಾನುವಾರದ ಕೆಲವು ಗಂಟೆಗಳನ್ನು ಕೊಟ್ಟರು, ಆಮೇಲೆ ಸಂಬಳದ ಭಾಗವನ್ನು, ಆಮೇಲೆ ಮನೆ ಆಸ್ತಿಗಳನ್ನು. ಕೊನೆಗೆ ಪಾಸ್‌ಪೋರ್ಟನ್ನೂ ಒಪ್ಪಿಸಿ, ಮರಳಿ ಬರುವ ದಾರಿಯೇ ಇಲ್ಲದ ಕಾಡು ಸೇರಿದರು. ವಿಷ ಕುಡಿಯುವ ನಾಟಕವನ್ನು ಕೂಡ ಮೊದಲೇ ಆಡಿಸಿ ನಿಷ್ಠೆಯನ್ನು ಪರೀಕ್ಷಿಸಲಾಗಿತ್ತು. ಕೊನೆಯ ದಿನ ಸುತ್ತ ಬಂದೂಕುಧಾರಿಗಳಿದ್ದರು, ಮಕ್ಕಳಿಗೆ ಮೊದಲು ವಿಷ ಕೊಡಲಾಯಿತು. ಆದ್ದರಿಂದ ಇದನ್ನು ಸಾಮೂಹಿಕ ಆತ್ಮಹತ್ಯೆ ಎನ್ನಬೇಕೋ ಕೊಲೆ ಎನ್ನಬೇಕೋ ಎಂಬ ವಾದ ಮುಗಿದಿಲ್ಲ. ಮಕ್ಕಳ ಮಟ್ಟಿಗಂತೂ ಅದು ಕೊಲೆಯೇ. ಹೆಜ್ಜೆಗಳನ್ನು ಒಂದೊಂದಾಗಿ ನೋಡಿದರೆ ಪ್ರತಿಯೊಂದೂ ಹಿಂದಿನದಕ್ಕಿಂತ ಸ್ವಲ್ಪವೇ ದೊಡ್ಡದು, ಮತ್ತು ಪ್ರತಿಯೊಂದನ್ನೂ ನಿರಾಕರಿಸಬೇಕಾದರೆ ಹಿಂದಿನದೆಲ್ಲವೂ ತಪ್ಪಾಗಿತ್ತೆಂದು ಒಪ್ಪಬೇಕು.

ಭವಿಷ್ಯವಾಣಿ ಸುಳ್ಳಾದರೆ ಎಲ್ಲವೂ ಕುಸಿಯುತ್ತದೆಂದು ಹೊರಗಿನವರು ನಿರೀಕ್ಷಿಸುತ್ತಾರೆ. ಅಮೆರಿಕದ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನ ಪುನರಾಗಮನವಾಗುತ್ತದೆಂದು ಕಾದರು; ಕೆಲವರು ಬೆಳೆಯನ್ನು ಹೊಲದಲ್ಲೇ ಬಿಟ್ಟಿದ್ದರು. ಏನೂ ಆಗಲಿಲ್ಲ. ಬಹಳ ಮಂದಿ ನಿರಾಶರಾಗಿ ಬಿಟ್ಟುಹೋದರು. ಆದರೆ ಒಂದು ಸಣ್ಣ ಗುಂಪು, ದಿನಾಂಕ ಸರಿಯಾಗಿಯೇ ಇತ್ತು, ಘಟನೆ ಮಾತ್ರ ಭೂಮಿಯಲ್ಲಲ್ಲದೆ ಸ್ವರ್ಗದಲ್ಲಿ ನಡೆಯಿತು ಎಂದು ವ್ಯಾಖ್ಯಾನಿಸಿತು. ಅಂಥ ಮರುವ್ಯಾಖ್ಯಾನದ ಬೇರಿನಿಂದ ಬೆಳೆದ ಸೆವೆಂತ್ ಡೇ ಅಡ್ವೆಂಟಿಸ್ಟ್ ಚರ್ಚು 1863ರಲ್ಲಿ ವಿಧಿವತ್ತಾಗಿ ಸ್ಥಾಪನೆಯಾಗಿ, ಇಂದು ಆಸ್ಪತ್ರೆ, ಶಾಲೆಗಳನ್ನು ನಡೆಸುವ ವಿಶ್ವವ್ಯಾಪಿ ಸಂಸ್ಥೆಯಾಗಿದೆ. ಬಿಟ್ಟುಹೋದವರು ಚರಿತ್ರೆಯಲ್ಲಿ ದಾಖಲಾಗುವುದಿಲ್ಲ, ಉಳಿದವರು ಚರಿತ್ರೆಯನ್ನು ಬರೆಯುತ್ತಾರೆ. ಭವಿಷ್ಯ ಸುಳ್ಳಾದರೂ ಭಕ್ತರು ಕದಲಲಿಲ್ಲ ಎಂಬ ಕಥೆಗಳಲ್ಲಿ ಈ ಸೋಸುವಿಕೆಯ ಪಾಲು ದೊಡ್ಡದು.

ಕಾವಿಯ ಬದಲು ಕೋಟು ತೊಟ್ಟ ಗುರುಗಳ ವಿಷಯದಲ್ಲೂ ಇದೇ ಯಂತ್ರ ಕೆಲಸ ಮಾಡುತ್ತದೆ. 2008ರ ಡಿಸೆಂಬರ್‌ನಲ್ಲಿ ಬಂಧನವಾದ ಬರ್ನಾರ್ಡ್ ಮೇಡಾಫ್ ದಶಕಗಳ ಕಾಲ ಹಳೆಯ ಹೂಡಿಕೆದಾರರಿಗೆ ಹೊಸಬರ ಹಣವನ್ನೇ ಲಾಭವೆಂದು ಹಂಚುತ್ತಿದ್ದ. ಮರುವರ್ಷ ಅವನಿಗೆ 150 ವರ್ಷಗಳ ಸೆರೆಯಾಯಿತು. ಅವನು ಯಾರ ಹಿಂದೆಯೂ ಬೀಳುತ್ತಿರಲಿಲ್ಲ. ಹಣ ತಂದವರನ್ನು ಬೇಡವೆಂದು ಹಿಂದಕ್ಕೆ ಕಳಿಸುತ್ತಿದ್ದನೆಂಬುದೇ ಅವನ ಖ್ಯಾತಿಯ ಗುಟ್ಟಾಗಿತ್ತು, ಮತ್ತು ಅವನ ಬಲೆಗೆ ಬಿದ್ದವರಲ್ಲಿ ಬ್ಯಾಂಕುಗಳೂ ದತ್ತಿ ಸಂಸ್ಥೆಗಳೂ ಇದ್ದವು. ರಕ್ತಪರೀಕ್ಷೆಯಲ್ಲಿ ಕ್ರಾಂತಿ ಮಾಡುತ್ತೇನೆಂದು 2003ರಲ್ಲಿ ಥೆರನೋಸ್ ಕಂಪನಿ ಆರಂಭಿಸಿದ ಎಲಿಜಬೆತ್ ಹೋಮ್ಸ್‌ಳ ಆಡಳಿತ ಮಂಡಳಿಯಲ್ಲಿ ಅಮೆರಿಕದ ಇಬ್ಬರು ಮಾಜಿ ವಿದೇಶಾಂಗ ಸಚಿವರು ಕೂತಿದ್ದರು. ಒಬ್ಬ ದೊಡ್ಡ ಮನುಷ್ಯ ನಂಬಿದ್ದಾನೆಂದು ಇನ್ನೊಬ್ಬ ನಂಬುತ್ತಾನೆ, ಇಬ್ಬರಲ್ಲಿ ಯಾರೂ ಯಂತ್ರದ ಮುಚ್ಚಳ ತೆಗೆದು ನೋಡಿರುವುದಿಲ್ಲ. 2022ರಲ್ಲಿ ನ್ಯಾಯಾಲಯ ಹೂಡಿಕೆದಾರರಿಗೆ ವಂಚಿಸಿದ ಆರೋಪದಲ್ಲಿ ಆಕೆಯನ್ನು ಅಪರಾಧಿಯೆಂದು ಘೋಷಿಸಿತು.

ಕೈಯಲ್ಲಿರುವ ಪರದೆ ಈ ಯಂತ್ರಕ್ಕೆ ಹೊಸ ಇಂಧನ ಒದಗಿಸಿದೆ. ಟಿವಿಯಲ್ಲಿ ದಿನವೂ ಕಾಣುವ ನಿರೂಪಕನನ್ನು ವೀಕ್ಷಕ ತನ್ನ ಆಪ್ತನೆಂದೇ ಭಾವಿಸುತ್ತಾನೆಂದು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದಿದ್ದರು. ಆ ಏಕಮುಖ ಆಪ್ತತೆ ಈಗ ದಿಂಬಿನ ಪಕ್ಕಕ್ಕೆ ಬಂದಿದೆ. ಹಿಂದೆ ಗುರುವಿನ ಹಿಂದೆ ಎಷ್ಟು ಜನರಿದ್ದಾರೆಂದು ತಿಳಿಯಲು ಅಲ್ಲಿಗೇ ಹೋಗಬೇಕಿತ್ತು. ಈಗ ಆ ಸಂಖ್ಯೆ ಅವನ ಹೆಸರಿನ ಕೆಳಗೇ ಮೂಡಿರುತ್ತದೆ, ಮತ್ತು ಅದನ್ನು ಕೊಂಡುಕೊಳ್ಳಲೂ ಬರುತ್ತದೆ. ಆರೋಗ್ಯ, ಹಣ, ದಾಂಪತ್ಯ, ಇತಿಹಾಸ ಎಲ್ಲದರ ಬಗ್ಗೆ ಒಂದೇ ಖಚಿತ ದನಿಯಲ್ಲಿ ಮಾತನಾಡುವವನು, ತನ್ನ ಕ್ಷೇತ್ರದ ಹೊರಗೆ ಬಾಯಿ ತೆರೆಯಲು ಹಿಂಜರಿಯುವ ತಜ್ಞನಿಗಿಂತ ಹೆಚ್ಚು ತಿಳಿದವನಂತೆ ಕಾಣುತ್ತಾನೆ. ಆಶ್ರಮದ ಗೋಡೆ ಇಲ್ಲದೆಯೂ, ಒಪ್ಪುವ ಮಾತುಗಳಷ್ಟೇ ಕಿವಿಗೆ ಬೀಳುವ ವ್ಯವಸ್ಥೆ ತಾನಾಗಿ ಏರ್ಪಡುತ್ತದೆ.

ವೈದ್ಯನನ್ನು ನಂಬುವುದಕ್ಕೂ ಇಂಥವನನ್ನು ನಂಬುವುದಕ್ಕೂ ವ್ಯತ್ಯಾಸವೇ ಇಲ್ಲವೇ ಎಂದು ಕೇಳಬಹುದು. ನಂಬುವವನ ಮನಸ್ಸಿನಲ್ಲಿ ಅಂಥ ವ್ಯತ್ಯಾಸವೇನಿಲ್ಲ ಎಂದೇ ನನ್ನ ಅಭಿಪ್ರಾಯ. ವ್ಯತ್ಯಾಸವಿರುವುದು ನಂಬಿಸಿಕೊಂಡವನ ಬೆನ್ನ ಹಿಂದೆ: ಅವನನ್ನು ತಪ್ಪೆಂದು ಹೇಳಬಲ್ಲ ಇನ್ನೊಬ್ಬ ಇದ್ದಾನೆಯೇ, ಹಾಗೆ ಹೇಳಿದವನು ಮರುದಿನವೂ ಅಲ್ಲೇ ಇರುತ್ತಾನೆಯೇ ಎಂಬುದರಲ್ಲಿ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇಯ ಮೇಲೆಯೇ ಡಿಕ್ಕಿಯಾಗಿ 583 ಮಂದಿ ಸತ್ತರು. ಎದುರಿನ ವಿಮಾನ ರನ್‌ವೇಯಿಂದ ಇನ್ನೂ ಹೊರಹೋಗಿಲ್ಲವೇ ಎಂದು, ಮೇಲೇರಲು ಓಡತೊಡಗಿದ್ದ ವಿಮಾನದ ಫ್ಲೈಟ್ ಎಂಜಿನಿಯರ್ ಸಂಶಯ ಎತ್ತಿದ್ದರು. ಕಂಪನಿಯ ಪೈಲಟ್‌ಗಳಿಗೇ ತರಬೇತಿ ಕೊಡುತ್ತಿದ್ದ ಹಿರಿಯ ಕ್ಯಾಪ್ಟನ್ ಹೊರಹೋಗಿದೆ ಎಂದು ಖಚಿತವಾಗಿ ಹೇಳಿದಾಗ ಮಾತು ಅಲ್ಲಿಗೇ ನಿಂತಿತು. ಆಮೇಲಿನ ವರ್ಷಗಳಲ್ಲಿ ವಿಮಾನಯಾನ ಕ್ಷೇತ್ರ, ಕಿರಿಯರು ಹಿರಿಯರನ್ನು ಪ್ರಶ್ನಿಸುವುದನ್ನು ತರಬೇತಿಯ ಭಾಗವನ್ನಾಗಿಯೇ ಮಾಡಿಕೊಂಡಿತು. ಕ್ಯಾಪ್ಟನ್ನನ ಅಧಿಕಾರ ಅದರಿಂದ ಕಡಿಮೆಯಾಗಲಿಲ್ಲ. ಸ್ವಯಂಘೋಷಿತ ಗುರುವಿನ ಗುಂಪಿನಲ್ಲಿ ಸಂಶಯಕ್ಕೆ ಅಹಂಕಾರ, ಅಪಕ್ವತೆ, ದ್ರೋಹ ಎಂಬ ಹೆಸರುಗಳಿರುತ್ತವೆ. ಬಿಟ್ಟುಹೋದವರ ಹೆಸರನ್ನು ಯಾರೂ ಎತ್ತುವುದಿಲ್ಲ. ಸೇರಿದವನು ನಿಧಾನವಾಗಿ ಹಳೆಯ ಗೆಳೆಯರನ್ನು, ಬಂಧುಗಳನ್ನು ಕಳೆದುಕೊಂಡಿರುತ್ತಾನೆ. ನಂಬಿಕೆ ಕರಗಿದ ಮೇಲೂ ಅವನು ಅಲ್ಲೇ ಉಳಿಯುವುದು ಹೋಗಲು ಬೇರೆ ಜಾಗವಿಲ್ಲದ್ದರಿಂದ. ಹೊರಗಿನಿಂದ ಬರುವ ಗೇಲಿ ಇರುವ ಒಂದೆರಡು ಕಿಟಕಿಗಳನ್ನೂ ಮುಚ್ಚುತ್ತದೆ.

ವಿಧೇಯತೆಯ ಮಾತು ಬಂದಾಗ ಎಲ್ಲರೂ ನೆನೆಯುವ ಪ್ರಯೋಗ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಯೇಲ್ ವಿಶ್ವವಿದ್ಯಾಲಯದಲ್ಲಿ 1961ರಲ್ಲಿ ಆರಂಭಿಸಿದ್ದು. ಪ್ರಯೋಗ ನಡೆಸುವವನ ಸೂಚನೆಯಂತೆ ಪಕ್ಕದ ಕೋಣೆಯ ಅಪರಿಚಿತನಿಗೆ ವಿದ್ಯುದಾಘಾತ ಕೊಡುತ್ತಿದ್ದೇವೆಂದು ಭಾವಿಸಿದ 40 ಮಂದಿಯಲ್ಲಿ 26 ಮಂದಿ 450 ವೋಲ್ಟ್‌ಗಳ ಕೊನೆಯ ಗುಂಡಿಯವರೆಗೂ ಹೋದರು. ಮನುಷ್ಯ ಆಜ್ಞೆಗೆ ಕುರುಡಾಗಿ ತಲೆಬಾಗುತ್ತಾನೆ ಎಂಬುದಕ್ಕೆ ಇದನ್ನು ಸಾಕ್ಷಿಯಾಗಿ ಬಳಸುವುದು ವಾಡಿಕೆ. ಮುಂದೆ ದಾಖಲೆಗಳನ್ನು ಕೆದಕಿದವರು, ಆಘಾತ ನಿಜವೆಂದು ಎಲ್ಲರೂ ನಂಬಿರಲಿಲ್ಲ ಎಂಬುದರಿಂದ ಹಿಡಿದು ಹಲವು ತಕರಾರುಗಳನ್ನು ಎತ್ತಿದ್ದಾರೆ. 2009ರಲ್ಲಿ ಜೆರಿ ಬರ್ಗರ್ ಪ್ರಕಟಿಸಿದ, ಪ್ರಯೋಗದ ಸೌಮ್ಯ ರೂಪದಲ್ಲಿ ಕಂಡುಬಂದ ಸಂಗತಿ ಇನ್ನೂ ಕುತೂಹಲಕಾರಿ: ನಿಮಗೆ ಬೇರೆ ಆಯ್ಕೆಯೇ ಇಲ್ಲ, ಮುಂದುವರಿಸಲೇಬೇಕು ಎಂಬ ನೇರ ಆಜ್ಞೆಯನ್ನು ಕೇಳಿದ ಮೇಲೆ ಒಬ್ಬರೂ ಮುಂದುವರಿಯಲಿಲ್ಲ. ಪ್ರಯೋಗಕ್ಕೆ ನಿಮ್ಮ ಸಹಕಾರ ಅಗತ್ಯವಿದೆ ಎಂಬ ಮೆತ್ತನೆಯ ಮಾತಿಗೆ ಓಗೊಟ್ಟವರು ಇದ್ದರು. ಜನ ಆಜ್ಞೆಗಿಂತ ಹೆಚ್ಚಾಗಿ, ತಾವು ಪಾಲುದಾರರಾಗಿರುವ ಯಾವುದೋ ದೊಡ್ಡ ಕಾರ್ಯಕ್ಕೆ ಮಣಿಯುತ್ತಾರೆ ಎಂದು ಇದನ್ನು ಓದಿದವರಿದ್ದಾರೆ, ನನಗೂ ಅದೇ ಓದು ಹೆಚ್ಚು ಸರಿಯೆನಿಸುತ್ತದೆ. ಮಿಲ್‌ಗ್ರಾಮ್ ನಡೆಸಿದ ಹಲವು ಬದಲಾವಣೆಗಳಲ್ಲಿ ಒಂದರಲ್ಲಿ, ಗುಂಡಿಯ ಮುಂದೆ ಕೂತವನ ಜೊತೆಗೆ ಇನ್ನಿಬ್ಬರನ್ನೂ ಕೂರಿಸಲಾಗಿತ್ತು. ಅವರು ಪ್ರಯೋಗ ನಡೆಸುವವರ ಕಡೆಯವರೇ, ಆದರೆ ಅದು ಅವನಿಗೆ ಗೊತ್ತಿರಲಿಲ್ಲ. 150 ವೋಲ್ಟ್‌ಗೆ ಬಂದಾಗ ಅವರಲ್ಲೊಬ್ಬ ಇನ್ನು ತನ್ನಿಂದಾಗದೆಂದು ಎದ್ದು ಬೇರೆ ಕುರ್ಚಿಗೆ ಹೋದ, ಸ್ವಲ್ಪ ಹೊತ್ತಿಗೆ ಎರಡನೆಯವನೂ ಎದ್ದ. ಪ್ರಯೋಗ ನಡೆಸುವವನ ಬೂದು ಬಣ್ಣದ ಕೋಟು, ವಿಶ್ವವಿದ್ಯಾಲಯದ ಹೆಸರು, ಮುಂದುವರಿಸಿ ಎನ್ನುವ ದನಿ ಎಲ್ಲವೂ ಹಾಗೆಯೇ ಇದ್ದವು. ಆ ಸಲ 40 ಮಂದಿಯಲ್ಲಿ ಕೊನೆಯ ಗುಂಡಿಯನ್ನು ಒತ್ತಿದವರು ನಾಲ್ವರು.